ಬೇಗ ಬಂದವನಿಗೆ ದಂಡ

ಮಲೆನಾಡಿನ ಕಮ್ಮರಡಿಯಲ್ಲಿ ರೇಸ್ ಟ್ರ್ಯಾಕ್ ಇಲ್ಲ. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಕಾರ್ ರೇಸನ್ನು ಕಣ್ಣಾರೆ ನೋಡಬೇಕೆಂದರೆ ಇಲ್ಲಿನವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟುಕೋಟೆಗೋ ಹೋಗಬೇಕು. ಆ ರೇಸಿನ ನಿಯಮ ನಿಜಕ್ಕೂ ಹೇಗಿರಬೇಕಿತ್ತು ಎಂದು ತಿಳಿಯಲು ಮಾತ್ರ ಅಷ್ಟು ದೂರ ಹೋಗಬೇಕಾಗಿಲ್ಲ. ಆಷಾಢದ ಒಂದು ಸಂಜೆ ಇಲ್ಲಿನ ಯಾವುದಾದರೂ ಹೋಟೆಲಿನ ಜಗಲಿಯಲ್ಲಿ ಮಳೆ ಬಿಡಲೆಂದು ನಿಂತರೆ ಸಾಕು.

ಮಳೆ ಬಿಡುವುದಿಲ್ಲ. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆ ಇಲ್ಲಿಗೆ ದೂರವೇನಲ್ಲ. ಕರೆಂಟು ಹೋಗಿರುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಹಾಗಿಲ್ಲ, ಹೊಡೆಯದೆ ಇರುವ ಹಾಗೂ ಇಲ್ಲ. ಮೊದಲ ಅರ್ಧ ಗಂಟೆ ಕೊಳೆರೋಗ, ಎಲೆಚುಕ್ಕಿ ರೋಗ, ಅಡಿಕೆ ದರ. ಮೂರೂ ಮನಸ್ಸಿಗೆ ಹಿತ ಕೊಡುವ ವಿಷಯಗಳಲ್ಲವಾದ್ದರಿಂದ ಎರಡನೇ ಚಹಾ ಬರುವಷ್ಟರಲ್ಲಿ ಮಾತು ಗಾಡಿಗಳ ಕಡೆ ಹೊರಳುತ್ತದೆ. ಗಾಡಿಯಿಂದ ರ‍್ಯಾಲಿಗೆ, ರ‍್ಯಾಲಿಯಿಂದ ರೇಸಿಗೆ. ರೇಸಿಗೆ ಬಂದ ಮೇಲೆ ಗೋಳಿಬಜೆ ಆರಿ ತಣ್ಣಗಾದರೂ ಯಾರೂ ಏಳುವುದಿಲ್ಲ.

ಇದು ತಾಳಮದ್ದಲೆ ಬಲ್ಲ ಸೀಮೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಬರೀ ಮಾತಿನಲ್ಲಿ ಕುರುಕ್ಷೇತ್ರ ಮುಗಿಸುವುದು ಮಳೆಗಾಲದ ಹಳೆಯ ಕಲೆ. ಕಾರಿಲ್ಲದೆ, ಟ್ರ್ಯಾಕಿಲ್ಲದೆ ಕೂತಲ್ಲೇ ಇಡೀ ಸೀಸನ್ ಓಡಿಸಿ ಕಪ್ ಕೊಡುವವರು ಅದೇ ಮೇಳದವರು. ಒಮ್ಮೆ ಕರ್ಣನ ಪರ ವಹಿಸಿದ ಅರ್ಥಧಾರಿ ಬೆಳಗಿನ ಜಾವದವರೆಗೂ ಕರ್ಣನನ್ನು ಬಿಟ್ಟುಕೊಡುವುದಿಲ್ಲವಷ್ಟೆ, ಜಿಪ್ಸಿಯ ಪರ ವಹಿಸಿದವನೂ ಹಾಗೆಯೇ.

ಜಿಪ್ಸಿಯ ಪರ ಎಲ್ಲ ಕಾಲದಲ್ಲೂ ಒಬ್ಬ ಇದ್ದೇ ಇರುತ್ತಾನೆ, ಸಾಮಾನ್ಯವಾಗಿ ಗ್ಯಾರೇಜಿನವನು. 1985ರಲ್ಲಿ 970 ಸಿಸಿ ಇಂಜಿನ್ ಹೊತ್ತು ಬಂದ ಮಾರುತಿ ಜಿಪ್ಸಿಗೆ 1996ರಲ್ಲಿ ಎಸ್ಟೀಮಿನ 1298 ಸಿಸಿ ಇಂಜಿನ್ ಸಿಕ್ಕಿದ್ದು ಅವನ ಪ್ರಕಾರ ಸ್ವತಂತ್ರ ಭಾರತದ ದೊಡ್ಡ ಘಟನೆಗಳಲ್ಲಿ ಒಂದು. ಚಂಡೀಗಢದ ಹರಿ ಸಿಂಗ್ ಐದು ಸಲ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದರು ಎಂದು ಯಾರಾದರೂ ಹೇಳಿದರೆ, ‘ಅವ್ರಲ್ಲ ಮಾರಾಯ, ಜಿಪ್ಸಿ ಆಗಿದ್ದು’ ಎಂದು ತಿದ್ದುತ್ತಾನೆ. 2019ರ ಹೊತ್ತಿಗೆ ಜಿಪ್ಸಿಯ ತಯಾರಿಕೆ ನಿಂತಿತು. ಅವನ ಮಟ್ಟಿಗೆ ಅದು ಇನ್ನೂ ವಿಚಾರಣೆಯಲ್ಲಿರುವ ಪ್ರಕರಣ.

ಎದುರು ಪಕ್ಷದಲ್ಲಿ ಪಿಕಪ್ ಓಡಿಸುವ ಅಣ್ಣ. ಘಟ್ಟದ ತಿರುವುಗಳನ್ನು ದಿನಾ ಲೋಡಿನ ಸಮೇತ ಇಳಿಸುವವನಿಗೆ ಖಾಲಿ ಕಾರು ಓಡಿಸುವವರ ಮೇಲೆ ಅಂಥ ಗೌರವವಿಲ್ಲ. ಮಧ್ಯಸ್ಥಿಕೆಗೆ ನಿವೃತ್ತ ಮೇಷ್ಟ್ರು. ಇವರು ರೇಸ್ ನೋಡಿದ್ದು ಕಡಿಮೆ, ನಿಯಮ ಓದಿದ್ದು ಜಾಸ್ತಿ. ಅಂಥವರನ್ನು ಯಾವ ಚರ್ಚೆಯಲ್ಲೂ ಸೋಲಿಸಲು ಆಗುವುದಿಲ್ಲ. ಇನ್ನೊಬ್ಬ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯ ಅಟ್ಟದಲ್ಲಿ ಕೂತು ಮಾಡುವ ಹುಡುಗ. ಯುರೋಪಿನ ರೇಸುಗಳ ವಿಷಯ ಬಂದಾಗ ಇವನೇ ಅಧಿಕೃತ ವಕ್ತಾರ. ನೆಟ್‌ವರ್ಕ್ ಇದ್ದಾಗ ಇವನ ಮಾತಿಗೆ ಆಧಾರವಿರುತ್ತದೆ, ಇಲ್ಲದಾಗ ಧೈರ್ಯವಿರುತ್ತದೆ. ಮೂಲೆಯಲ್ಲಿ ತೋಟದ ಗೌಡರು. ಪ್ರಾಯದಲ್ಲಿ ಮದ್ರಾಸಿಗೆ ಹೋಗಿ ಶೋಲಾವರಂ ಏರ್‌ಸ್ಟ್ರಿಪ್ಪಿನ ರೇಸ್ ನೋಡಿ ಬಂದವರು. ಹಳೆಯ ವಿಮಾನದ ಓಡುದಾರಿಯಲ್ಲಿ ಹುಲ್ಲಿನ ಬಣವೆ ಅಡ್ಡ ಇಟ್ಟು ತಿರುವು ಮಾಡಿದ್ದರಂತೆ. ಅಲ್ಲಿ ವಿಜಯ್ ಮಲ್ಯ ಹಳೆಯ ಫಾರ್ಮುಲಾ ಒನ್ ಕಾರು, ಎನ್‌ಸೈನ್, ಓಡಿಸುತ್ತಿದ್ದುದನ್ನು ಗೌಡರು ವರ್ಣಿಸಲು ಶುರು ಮಾಡಿದರೆ ಕೇಳುವವರು ಸುಮ್ಮನಿರುವುದಿಲ್ಲ. ಆ ಹೆಸರು ಬಂದ ಕೂಡಲೇ ಮಾತು ರೇಸು ಬಿಟ್ಟು ಬ್ಯಾಂಕಿನ ಕಡೆ ಹೋಗುತ್ತದೆ, ಗೌಡರ ಎನ್‌ಸೈನ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಇಷ್ಟು ಜನಕ್ಕೂ ಸಮಾನವಾದ ಒಂದು ತೀರ್ಥಯಾತ್ರೆ ಇದೆ. ಚಿಕ್ಕಮಗಳೂರಿನ ರ‍್ಯಾಲಿ. 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ಕಾಫಿ ಡೇ ಹೆಸರಿನಲ್ಲಿ ಇಲ್ಲಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ನಡೆದಿತ್ತು. ಎಂಆರ್‌ಎಫ್ ತಂಡದ ಸ್ಕೋಡಾ ಫ್ಯಾಬಿಯಾದಲ್ಲಿ ಗೌರವ್ ಗಿಲ್ ಬಂದಿದ್ದರು. ದೆಹಲಿಯ ಗಿಲ್ ಮೂರು ಸಲ ಏಷ್ಯಾ ಪೆಸಿಫಿಕ್ ಚಾಂಪಿಯನ್. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ, ಮೋಟಾರ್ ಕ್ರೀಡೆಗೆ ಆ ಗೌರವ ತಂದ ಮೊದಲಿಗರು. ಬಾಳೆಹೊನ್ನೂರು ದಾರಿಯಾಗಿ ಬೆಳಗಿನ ಕತ್ತಲಲ್ಲೇ ಹೊರಟು, ತೋಟದ ಬದಿಗೆ ಗಾಡಿ ನಿಲ್ಲಿಸಿ, ದೂರ ನಡೆದು, ಸಿಲ್ವರ್ ಓಕ್ ಮರಕ್ಕೊರಗಿ ಕಾದು ನಿಂತರೆ ಕಾಣುವುದಿಷ್ಟು: ದೂರದಲ್ಲಿ ಮಿಡತೆಯಂಥ ಸದ್ದು, ಆಮೇಲೆ ಹುಲಿ ಬಂದ ಸದ್ದು, ಅಡ್ಡಡ್ಡ ಜಾರಿಕೊಂಡು ಬಂದ ಒಂದು ಬಣ್ಣದ ಚೂರು, ಮೈಮೇಲೆ ಜಲ್ಲಿ, ಬಾಯೊಳಗೆ ಧೂಳು. ಎಲ್ಲ ಸೇರಿ ನಾಲ್ಕೈದು ಸೆಕೆಂಡು. ಮುಂದಿನ ಕಾರು ಬರಲು ಒಂದೆರಡು ನಿಮಿಷ.

ರ‍್ಯಾಲಿಯ ಅಭಿಮಾನಿ ನಿಯಮಪಂಡಿತನಾಗುವುದು ಆ ಒಂದೆರಡು ನಿಮಿಷದಲ್ಲಿ. ಕ್ರಿಕೆಟ್ ನೋಡುವವನಿಗೆ ದಿನವಿಡೀ ಆಟ ಕಾಣುತ್ತದೆ, ಅವನಿಗೆ ನಿಯಮದ ಚಿಂತೆ ಇಲ್ಲ. ನಾಲ್ಕು ಸೆಕೆಂಡು ನೋಡಿದವನು ಉಳಿದ ನೂರಹದಿನಾರು ಸೆಕೆಂಡು ಏನು ಮಾಡಬೇಕು? ಯಾರಿಗೆ ಎಷ್ಟು ದಂಡ ಬಿತ್ತು, ಯಾವ ಕ್ಲಾಸಿನವನು ಯಾವ ಕ್ಲಾಸಿಗೆ ಸೇರಬೇಕಿತ್ತು, ಟಯರ್ ಕಾನೂನುಬದ್ಧವೇ ಎಂದು ಕೇಳಬೇಕು. ಪಕ್ಕದವನಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದು ಅವನು ಒಪ್ಪುವುದೂ ಇಲ್ಲ. ಚರ್ಚೆಗೆ ಇದಕ್ಕಿಂತ ಫಲವತ್ತಾದ ನೆಲ ಇನ್ನೆಲ್ಲಿದೆ?

ಅಲ್ಲಿಂದ ಹೊತ್ತು ತಂದು ಇವತ್ತಿಗೂ ಮುಗಿಯದ ತಕರಾರು ಒಂದಿದೆ. ರ‍್ಯಾಲಿಯಲ್ಲಿ ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಟೈಮ್ ಕಂಟ್ರೋಲ್ ಎಂಬ ಗೇಟು. ಇಂಥ ನಿಮಿಷಕ್ಕೆ ಒಳಗೆ ಬಾ ಎಂದು ಮೊದಲೇ ಚೀಟಿಯಲ್ಲಿ ಬರೆದಿರುತ್ತದೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಂದು ನಿಮಿಷ ತಡವಾಗಿ ಬಂದವನಿಗೆ 10 ಸೆಕೆಂಡು ದಂಡ. ಒಂದು ನಿಮಿಷ ಬೇಗ ಬಂದವನಿಗೆ? ಪೂರ್ತಿ ಒಂದು ನಿಮಿಷ. ತಡಕ್ಕೆ ಬೀಳುವ ದಂಡದ ಆರು ಪಟ್ಟು!

ಪಿಕಪ್ ಅಣ್ಣನಿಗೆ ಇದು ನುಂಗಲಾರದ ತುತ್ತು. ‘ರೇಸ್ ಅಂದ್ಮೇಲೆ ಬೇಗ ಬರಬೇಕಾ, ಬೇಡ್ವಾ? ಬೇಗ ಬಂದವ್ನಿಗೆ ದಂಡ ಹಾಕೋಕೆ ಇದೇನು ಮದುವೆ ಮನೆ ಊಟನಾ?’

ಮೇಷ್ಟ್ರು ಸಾವಧಾನವಾಗಿ ವಿವರಿಸುತ್ತಾರೆ. ಸ್ಟೇಜಿನ ಒಳಗೆ ಎಷ್ಟು ಬೇಕಾದರೂ ವೇಗ. ಆದರೆ ಎರಡು ಸ್ಟೇಜುಗಳ ನಡುವಿನ ದಾರಿ ಊರವರ ದಾರಿ. ಅಲ್ಲಿ ಶಾಲೆಯ ಮಕ್ಕಳು, ದನ, ಹಾಲಿನ ಗಾಡಿ. ಬೇಗ ಬಂದವನಿಗೆ ಲಾಭ ಉಂಟೆಂದಾದರೆ ಅಷ್ಟೂ ಕಾರುಗಳು ಆಲ್ದೂರು ಪೇಟೆಯೊಳಗೆ ರೇಸ್ ಹಚ್ಚುತ್ತವೆ. ಅದಕ್ಕೇ ಈ ದಂಡ. ಕೇಳಿದವರಿಗೆ ನ್ಯಾಯ ಒಪ್ಪಿಗೆಯಾಗುತ್ತದೆ, ಅಣ್ಣನಿಗೂ ಆಗುತ್ತದೆ. ಆದರೂ ಒಂದು ಮಾತು ಸೇರಿಸದೆ ಇರಲಾರ: ‘ಹಾಗಾದ್ರೆ ನಮ್ ಸಹಕಾರ ಸಾರಿಗೆ ಡ್ರೈವರ್‌ಗಳೇ ಚಾಂಪಿಯನ್ ಆಗ್ತಿದ್ರು ಬಿಡಿ.’

ಈ ಮಾತಿಗೆ ಇಡೀ ಜಗಲಿ ತಲೆದೂಗುತ್ತದೆ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿಕೊಂಡು, ಮಲೆನಾಡಿನ ಮೂಲೆಮೂಲೆಗೂ ಬಸ್ಸು ಓಡಿಸಿ, 2020ರಲ್ಲಿ ನಿಂತುಹೋದ ಸಂಸ್ಥೆ ಅದು. ಮಂಜು ಕವಿದ ತಿರುವಿನಲ್ಲಿ, ಎದುರಿನಿಂದ ಬರುವ ಲಾರಿಯನ್ನು ಸದ್ದಿನಲ್ಲೇ ಗುರುತಿಸಿ, ಗಡಿಯಾರ ನೋಡಿಕೊಂಡು ಸ್ಟಾಪಿಗೆ ಬಂದು ನಿಲ್ಲುತ್ತಿದ್ದ ಚಾಲಕರನ್ನು ಕಂಡು ಬೆಳೆದವರಿಗೆ ಟೈಮ್ ಕಂಟ್ರೋಲ್ ಏನು ಹೊಸತು! ಆ ಬಸ್ಸಿನ ಕಂಡಕ್ಟರು ‘ರೈಟ್, ರೈಟ್, ಹೋಲ್ಡಾನ್’ ಎನ್ನುತ್ತಿದ್ದುದೂ ಪೇಸ್ ನೋಟ್ಸ್ ಅಲ್ಲದೆ ಮತ್ತೇನು ಎಂಬುದು ಅಣ್ಣನ ವಾದ.

ಪೇಸ್ ನೋಟ್ಸ್ ಎಂದರೆ ಪಕ್ಕದ ಸೀಟಿನವನು ಓದಿ ಹೇಳುವ ದಾರಿಯ ಜಾತಕ. ರ‍್ಯಾಲಿಗೆ ಮೊದಲು ಅದೇ ದಾರಿಯಲ್ಲಿ ನಿಧಾನವಾಗಿ ಓಡಿ, ಒಂದೊಂದು ತಿರುವನ್ನೂ ಎಷ್ಟು ಚೂಪು, ಎಷ್ಟು ಉದ್ದ, ಆಚೆ ಏನಿದೆ ಎಂದು ಬರೆದಿಟ್ಟುಕೊಂಡಿರುತ್ತಾರೆ. ಗಿಲ್ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಇದನ್ನು ಓದಿದವರು ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್. ದೇಶದಲ್ಲಿ ಅವರಷ್ಟು ಪ್ರಶಸ್ತಿ ಗೆದ್ದ ನ್ಯಾವಿಗೇಟರ್ ಇನ್ನೊಬ್ಬರಿಲ್ಲ. ನಿಯಮದ ಪ್ರಕಾರ ಚಾಂಪಿಯನ್‌ಶಿಪ್ಪಿನಲ್ಲಿ ಚಾಲಕನಿಗೊಂದು ಬಿರುದು, ಪಕ್ಕದವನಿಗೊಂದು ಬಿರುದು. ಇದು ಮಲೆನಾಡಿನ ಅನೇಕರಿಗೆ ತುಂಬ ಹಿಡಿಸಿದ ನಿಯಮ. ಜೀಪಿನ ಎಡಗಡೆ ಕೂತು ‘ಇಲ್ಲಿ ಒತ್ತು, ಅಲ್ಲಿ ಸೆಕೆಂಡ್ ಗೇರ್ ಹಾಕು, ನೋಡು ಹೋಂಡ’ ಎಂದು ಜೀವಮಾನವಿಡೀ ಹೇಳಿದ ದೊಡ್ಡಪ್ಪಂದಿರಿಗೆ ಲೋಕದಲ್ಲಿ ಮನ್ನಣೆ ಕೊಟ್ಟ ಏಕೈಕ ಕ್ರೀಡೆ ಇದು.

ಇನ್ನು ಕ್ಲಾಸುಗಳ ಜಗಳ. ರಾಷ್ಟ್ರೀಯ ರ‍್ಯಾಲಿಯಲ್ಲಿ ಐಎನ್‌ಆರ್‌ಸಿ 2, 3, 4 ಎಂದು ಕಾರುಗಳನ್ನು ಬೇರೆಬೇರೆ ಮಾಡಿದ್ದಾರೆ, ಜಿಪ್ಸಿಗಳಿಗೇ ಒಂದು ಪ್ರತ್ಯೇಕ ಪಂಕ್ತಿ. ಟ್ರ್ಯಾಕಿನ ರೇಸಿನಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್, ಅದರ ಜೂನಿಯರ್, ಸೂಪರ್ ಸ್ಟಾಕ್. ಒಂದೇ ಓಟದಲ್ಲಿ ಇಷ್ಟು ಪಂಗಡ ಏಕೆ, ಮೊದಲು ಬಂದವನೇ ಮೊದಲು ಎಂದರಾಗದೇ ಎಂದು ಹೊಸಬರು ಯಾರಾದರೂ ಕೇಳಿದರೆ ಉತ್ತರ ಕೊಡಲು ಘಟ್ಟದ ಕೆಳಗಿನಿಂದ ಬಂದು ನೆಲೆಸಿದ ಹೋಟೆಲಿನವರೇ ಸಾಕು. ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕೆನೆ ಹಲಗೆ ಎಂದು ಆರು ವಿಭಾಗ ಇಲ್ಲವೇ? ಕೆನೆ ಹಲಗೆಯಲ್ಲಂತೂ ಯಾರು ಮೊದಲು ಬಂದರು ಎಂಬುದೇ ಲೆಕ್ಕಕ್ಕಿಲ್ಲ. ಹಲಗೆ ಚಿಮ್ಮಿಸಿದ ನೀರು ಆರೂವರೆ ಕೋಲಿನ ನಿಶಾನೆ ಮುಟ್ಟಿತೋ, ಏಳೂವರೆ ಕೋಲಿನದನ್ನು ಮುಟ್ಟಿತೋ ಅಷ್ಟೇ.

ಕಂಬಳದ ಮಾತು ಬಂದರೆ ಐಕಳದ ಪ್ರಕರಣ ಬಾರದೆ ಇರದು. 2020ರ ಫೆಬ್ರುವರಿಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದರು. ಉಸೇನ್ ಬೋಲ್ಟನ 9.58 ಹಿಂದೆ ಬಿತ್ತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು, ಶ್ರೀನಿವಾಸ ಗೌಡರು ವಿನಯದಿಂದ ಬೇಡವೆಂದರು. ಆಗ ದೇಶವೆಲ್ಲ ಕೇಳಿದ ಪ್ರಶ್ನೆ, ‘ಕೋಣ ಎಳೆದದ್ದಕ್ಕೆ ಎಷ್ಟು ಕಳೆಯಬೇಕು?’ ಗಮನಿಸಿದರೆ ಕಾರ್ ರೇಸಿನ ನಿಯಮಪುಸ್ತಕದಲ್ಲಿ ಇರುವುದೂ ಇದೊಂದೇ ಪ್ರಶ್ನೆ. ಓಡಿದ್ದರಲ್ಲಿ ಮನುಷ್ಯನದೆಷ್ಟು, ಯಂತ್ರದ್ದೆಷ್ಟು? ಫ್ಯಾಬಿಯಾ ಆರ್5 ಕಾರಿನ ಟರ್ಬೊ ಬಾಯಿಗೆ ಗಾಳಿಗೆ ಮಿತಿ ಹಾಕುವ 32 ಮಿಲಿಮೀಟರಿನ ರೆಸ್ಟ್ರಿಕ್ಟರ್ ಕೂರಿಸಿ, 1230 ಕೆಜಿಗಿಂತ ಹಗುರಾಗಕೂಡದು ಎಂದು ಕಟ್ಟುಮಾಡಿದ್ದು ಕೋಣದ ಪಾಲನ್ನು ಎಲ್ಲರಿಗೂ ಸಮ ಮಾಡಲಿಕ್ಕೆ.

ಸಮ ಮಾಡಿದಷ್ಟೂ ಅದನ್ನು ಮೀರುವ ಬುದ್ಧಿ ಚುರುಕಾಗುತ್ತದೆ. ಗ್ಯಾರೇಜಿನವನಿಗೆ ಅತಿ ಪ್ರಿಯವಾದ ಕತೆ 1995ರದು. ವಿಶ್ವ ರ‍್ಯಾಲಿಯಲ್ಲಿ ಟೊಯೋಟ ಸೆಲಿಕಾದ ರೆಸ್ಟ್ರಿಕ್ಟರನ್ನು ತಪಾಸಣೆಯವರು ಬಿಚ್ಚಿ ಅಳೆದರು, ಎಲ್ಲ ಸರಿಯಿತ್ತು. ಆದರೆ ಅದೇ ಭಾಗವನ್ನು ಪೈಪಿನ ಸಮೇತ ಕ್ಲ್ಯಾಂಪ್ ಹಾಕಿ ಬಿಗಿದಾಗ ಒಳಗಿನ ಸ್ಪ್ರಿಂಗುಗಳ ಕಿತಾಪತಿಯಿಂದ ಅದು 5 ಮಿಲಿಮೀಟರ್ ಸರಿದು, ಪಕ್ಕದಿಂದ ಕದ್ದು ಗಾಳಿ ಒಳಗೆ ಹೋಗುತ್ತಿತ್ತು. ಬಿಚ್ಚಿದ ಕೂಡಲೇ ಮತ್ತೆ ಸಭ್ಯವಾಗಿ ತನ್ನ ಜಾಗಕ್ಕೆ ಬರುತ್ತಿತ್ತು. ತಂಡಕ್ಕೆ ಒಂದು ವರ್ಷ ನಿಷೇಧ. ಈ ಕತೆ ಹೇಳುವಾಗ ಗ್ಯಾರೇಜಿನವನ ಮುಖದಲ್ಲಿ ನಿಂದನೆ ಕಾಣಬೇಕಾಗಿತ್ತು. ಕಾಣುವುದು ಬರೀ ಭಕ್ತಿ.

ಟೂರಿಂಗ್ ಕಾರಿನ ಲೋಕದಲ್ಲೂ ಇಂಥ ಪುರಾಣ ಬೇಕಾದಷ್ಟಿದೆ. 1994ರಲ್ಲಿ ಆಲ್ಫಾ ರೋಮಿಯೋ ಕಂಪನಿ ಬ್ರಿಟಿಷ್ ಚಾಂಪಿಯನ್‌ಶಿಪ್ಪಿಗೆ ಬಂತು. ಮಾರುಕಟ್ಟೆಯಲ್ಲಿ ಮಾರುವ ಕಾರಿನಲ್ಲಿ ಏನಿದೆಯೋ ಅದನ್ನೇ ರೇಸಿನಲ್ಲಿ ಬಳಸಬೇಕು ಎಂಬುದು ನಿಯಮ. ಆಲ್ಫಾದವರು ಮಾರುವ ಕಾರಿನ ಡಿಕ್ಕಿಯೊಳಗೆ ಸ್ಪಾಯ್ಲರ್ ಎತ್ತರಿಸುವ ಬಿಡಿಭಾಗಗಳನ್ನು ಇಟ್ಟು ಕೊಟ್ಟರು. ಗಿರಾಕಿ ಬೇಕಾದರೆ ಹಾಕಿಕೊಳ್ಳಲಿ, ಬೇಡವಾದರೆ ಬಿಡಲಿ. ರೇಸಿನಲ್ಲಿ ಮಾತ್ರ ತಪ್ಪದೆ ಹಾಕಿಕೊಂಡರು, ಗೆದ್ದರು, ಎದುರಾಳಿಗಳು ದೂರು ಕೊಟ್ಟರು. ಆಲ್ಫಾದವರು ಸಿಟ್ಟು ಮಾಡಿಕೊಂಡು ಒಂದು ಸುತ್ತಿನಿಂದ ಎದ್ದೇ ಹೋದರು. ಕೊನೆಗೆ ರಾಜಿಯಾಗಿ ಬಂದು, ಗೇಬ್ರಿಯೆಲೆ ಟಾರ್ಕ್ವಿನಿ ಚಾಂಪಿಯನ್ ಆದ. ಅದೇ ವರ್ಷ ವೋಲ್ವೊ ಕಂಪನಿ ಹಿಂದುಗಡೆ ಸಾಮಾನು ತುಂಬುವ ಉದ್ದನೆಯ ಸ್ಟೇಷನ್ ವ್ಯಾಗನ್ನನ್ನೇ ರೇಸಿಗೆ ಇಳಿಸಿತು. ಜನ ನಕ್ಕರು. ಕಂಪನಿಯೂ ನಕ್ಕಿತು. ಒಮ್ಮೆ ಪರೇಡಿನ ಸುತ್ತಿನಲ್ಲಿ ಹಿಂದಿನ ಕಿಟಕಿಯೊಳಗೆ ದೊಡ್ಡದೊಂದು ಬೊಂಬೆ ನಾಯಿಯನ್ನು ಕೂರಿಸಿ ಓಡಿಸಿದರು.

ಪಿಕಪ್ ಅಣ್ಣನಿಗೆ ಇಡೀ ಯುರೋಪಿನಲ್ಲಿ ಇಷ್ಟವಾದ ಏಕೈಕ ರೇಸ್ ಕಾರು ಅದು. ಲೋಡ್ ಹಾಕಬಹುದಿತ್ತಲ್ಲ!

ಲೋಡಿನ ಮಾತು ಬಂತು. ಗೆದ್ದವನ ಕಾರಿಗೆ ಮುಂದಿನ ರೇಸಿನಲ್ಲಿ ಹೆಚ್ಚಿನ ತೂಕ ಕಟ್ಟುವ ಪದ್ಧತಿ ಟೂರಿಂಗ್ ಕಾರುಗಳಲ್ಲಿ ಹಳೆಯದು. ಬ್ರಿಟಿಷ್ ಚಾಂಪಿಯನ್‌ಶಿಪ್ಪಿನಲ್ಲಿ ಮುಂದಿದ್ದವನಿಗೆ 75 ಕೆಜಿವರೆಗೂ ಹೇರುತ್ತಿದ್ದರು. ಎಂದರೆ ಒಂದೂವರೆ ಮೂಟೆ ಕಾಫಿ. 2022ರಲ್ಲಿ ತೂಕ ತೆಗೆದು ಹೈಬ್ರಿಡ್ ಬ್ಯಾಟರಿ ತಂದರು. ಪಾಯಿಂಟ್ಸಿನಲ್ಲಿ ಹಿಂದಿರುವವನಿಗೆ ಅದರ ಬಲ ಜಾಸ್ತಿ ಹೊತ್ತು, ಮುಂದಿರುವವನಿಗೆ ಕಡಿಮೆ ಹೊತ್ತು. 2025ಕ್ಕೆ ಅದನ್ನೂ ಕೈಬಿಟ್ಟು ಟರ್ಬೊ ಬಲದಲ್ಲೇ ಹೆಚ್ಚುಕಮ್ಮಿ ಮಾಡತೊಡಗಿದರು. ದಿನದ ಮೂರನೇ ರೇಸಿಗೆ ಚೀಟಿ ಎತ್ತಿ, ಮುಂದಿದ್ದ ಕೆಲವರ ಸಾಲನ್ನು ತಲೆಕೆಳಗು ಮಾಡಿ ಓಡಿಸುವ ಪದ್ಧತಿ ಮಾತ್ರ ಉಳಿದಿದೆ.

ಜಗಲಿ ಇಲ್ಲಿ ಎರಡು ಹೋಳು. ಮೇಷ್ಟ್ರಿಗೆ ತೂಕ ಕಟ್ಟುವುದು ಸಾಮಾಜಿಕ ನ್ಯಾಯ. ಗೌಡರಿಗೆ ಅದು ಹೊಟ್ಟೆಕಿಚ್ಚಿಗೆ ಹೊಲಿಸಿದ ಕಾನೂನಿನ ಅಂಗಿ. ‘ಬೆಳೆ ಚೆನ್ನಾಗಿ ಬಂದವನಿಗೆ ಮುಂದಿನ ವರ್ಷ ಗೊಬ್ಬರ ಕೊಡಬೇಡಿ ಅಂದ ಹಾಗಾಯ್ತಲ್ಲ ಮೇಷ್ಟ್ರೇ.’ ಈ ವಿಷಯದಲ್ಲಿ ಗೌಡರ ಮಾತೇ ಹೆಚ್ಚು ಸರಿ ಎನ್ನಬೇಕು. ತೂಕ ಕಟ್ಟಿದ್ದು ನೋಡುವವನ ಕಣ್ಣಿಗೆ ಬೀಳುವುದಿಲ್ಲ. ನಿನ್ನೆ ಓಡಿದವನು ಇವತ್ತೇಕೆ ತೆವಳುತ್ತಾನೆ ಎಂದು ತಿಳಿಯಲು ಕೋಷ್ಟಕ ನೋಡಬೇಕು. ತಲೆಕೆಳಗು ಸಾಲು ಹಾಗಲ್ಲ, ಅದರ ಅನ್ಯಾಯ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಹಿಂದಿನಿಂದ ಒಬ್ಬೊಬ್ಬರನ್ನೇ ದಾಟಿ ಬರುವ ಚಾಲಕನನ್ನು ನೋಡುವುದಕ್ಕಿಂತ ದೊಡ್ಡ ಮೋಜು ಈ ಆಟದಲ್ಲಿಲ್ಲ.

ಅಟ್ಟದ ಹುಡುಗ ಕಾದಿರುವುದು ಈ ಘಳಿಗೆಗೆ. ಅವನ ದೇವರು ಅರ್ಜುನ್ ಮೈನಿ. ಬೆಂಗಳೂರಿನ ಹುಡುಗ, 1997ರಲ್ಲಿ ಹುಟ್ಟಿದವನು, ಜರ್ಮನಿಯ ಹೆಸರಾಂತ ಟೂರಿಂಗ್ ಕಾರ್ ಸರಣಿ ಡಿಟಿಎಂನಲ್ಲಿ 2021ರಿಂದ ಓಡುತ್ತಿರುವ ಮೊದಲ ಭಾರತೀಯ. ಮೊದಲು ಮರ್ಸಿಡಿಸ್, 2025ರಲ್ಲಿ ಫೋರ್ಡ್ ಮಸ್ಟಾಂಗ್. ಅವನ ಚಿಕ್ಕಪ್ಪ ಚೇತನ್ ಮೈನಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾಡಿದವರು ಎಂದು ಕೇಳಿದಾಗ ಜಗಲಿ ಬಹಳ ಹೊತ್ತು ಸುಮ್ಮನಿತ್ತು. ದೇಶದ ಅತಿ ಸಾಧು ಕಾರು ಕೊಟ್ಟ ಮನೆತನವೇ ಇಂಥ ಉಗ್ರ ಚಾಲಕನನ್ನೂ ಕೊಟ್ಟಿದ್ದು ಹೇಗೆಂದು ಅರಗಿಸಿಕೊಳ್ಳಲು ಸಮಯ ಬೇಕಲ್ಲ.

‘ಡಿಟಿಎಂ ಈಗ ಟೂರಿಂಗ್ ಕಾರೇ ಅಲ್ಲ’ ಎಂದು ಗ್ಯಾರೇಜಿನವನು ಕಡ್ಡಿ ಗೀರುತ್ತಾನೆ. 2021ರಿಂದ ಅಲ್ಲಿ ಓಡುವುದು ಜಿಟಿ3 ಕಾರುಗಳು. ಎರಡೇ ಬಾಗಿಲು, ಹಿಂದೆ ಸೀಟಿಲ್ಲ, ಮದುವೆಗೆ ಮನೆಮಂದಿ ಹೋಗುವ ಹಾಗಿಲ್ಲ. ಟೂರಿಂಗ್ ಕಾರ್ ರೇಸಿನ ಸೊಗಸು ಇದ್ದದ್ದೇ ನಮ್ಮ ಅಂಗಳದಲ್ಲಿರುವಂಥ ಎಸ್ಟೀಮ್, ಹೋಂಡಾ ಸಿಟಿ, ಪೋಲೋ ಕಾರುಗಳು ಟ್ರ್ಯಾಕಿನಲ್ಲಿ ಒಂದಕ್ಕೊಂದು ಬಡಿದಾಡಿಕೊಂಡು ಓಡುವುದರಲ್ಲಿ. ಕೊಯಮತ್ತೂರಿನ ಅರ್ಜುನ್ ಬಾಲು ಹೋಂಡಾ ಸಿಟಿಯಲ್ಲಿ ಗೆದ್ದಾಗ ಅಭಿಮಾನಿ ಮನೆಗೆ ಹೋಗಿ ತನ್ನ ಸಿಟಿಯ ಬಾನೆಟ್ಟು ತಟ್ಟಬಹುದಿತ್ತು. ಮಸ್ಟಾಂಗ್ ಗೆದ್ದರೆ ಯಾರ ಬಾನೆಟ್ ತಟ್ಟುವುದು?

ಹುಡುಗ ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಎಂಬ ಬ್ರಹ್ಮಾಸ್ತ್ರ ತೆಗೆಯುತ್ತಾನೆ. ಬೇರೆಬೇರೆ ಕಂಪನಿಯ ಕಾರುಗಳು ಹೆಚ್ಚುಕಡಿಮೆ ಒಂದೇ ವೇಗಕ್ಕೆ ಬರುವಂತೆ ಆಯೋಜಕರೇ ಕಾರಿನ ಮಾದರಿ ನೋಡಿ, ಟ್ರ್ಯಾಕ್ ನೋಡಿ ತೂಕ, ಗಾಳಿ ಎಲ್ಲ ನಿಗದಿ ಮಾಡುವ ಏರ್ಪಾಡು. ಅರ್ಜುನ್ ಮುಂದೆ ಬಂದ ದಿನ ಇದು ವೈಜ್ಞಾನಿಕ ಪದ್ಧತಿ, ಹಿಂದೆ ಬಿದ್ದ ದಿನ ಜರ್ಮನ್ನರ ಪಿತೂರಿ. ಹುಡುಗನೊಬ್ಬನನ್ನೇ ಹೀಗೆ ಹಿಡಿದು ಹೇಳುವುದು ತಪ್ಪಾದೀತು. 2021ರ ಅಬುಧಾಬಿ ಫಾರ್ಮುಲಾ ಒನ್ ರೇಸಿನಲ್ಲಿ ಸೇಫ್ಟಿ ಕಾರ್ ಯಾವಾಗ ಒಳಗೆ ಹೋಗಬೇಕಿತ್ತು ಎಂಬ ಪ್ರಶ್ನೆಗೆ ಹ್ಯಾಮಿಲ್ಟನ್ ಕಡೆಯವರೂ ವರ್ಸ್ಟ್ಯಾಪನ್ ಕಡೆಯವರೂ ಇವತ್ತಿಗೂ ಒಂದೇ ಪುಸ್ತಕದ ಒಂದೇ ಪುಟದಿಂದ ಎರಡು ಉತ್ತರ ಓದುತ್ತಾರೆ.

ಎಲ್ಲರಿಗಿಂತ ತಡವಾಗಿ ಬಂದು ಎಲ್ಲರಿಗಿಂತ ಜೋರಾಗಿ ಮಾತಾಡುವ ಹೊಸ ಪಂಗಡವೊಂದು ಈಚೆಗೆ ಸೇರಿದೆ. 2025ರಲ್ಲಿ ಕಿಚ್ಚ ಸುದೀಪ್ ಇಂಡಿಯನ್ ರೇಸಿಂಗ್ ಫೆಸ್ಟಿವಲ್ಲಿನ ಬೆಂಗಳೂರು ತಂಡದ ಒಡೆಯರಾಗಿ, ತಂಡಕ್ಕೆ ಕಿಚ್ಚಾಸ್ ಕಿಂಗ್ಸ್ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಕ್ಲಚ್ಚಿಗೂ ಬ್ರೇಕಿಗೂ ಆಸಕ್ತಿ ತೋರದಿದ್ದ ಸಿನಿಮಾ ಅಭಿಮಾನಿಗಳು ರಾತ್ರೋರಾತ್ರಿ ಟಯರ್ ತಜ್ಞರಾದರು. ಆ ಲೀಗಿನಲ್ಲಿ ಪ್ರತಿ ತಂಡದಲ್ಲೂ ಒಬ್ಬ ಮಹಿಳಾ ಚಾಲಕಿ ಇರಲೇಬೇಕು, ಅವರೂ ಗಂಡಸರ ಜೊತೆಯಲ್ಲೇ ಅದೇ ಕಾರಿನಲ್ಲಿ ಓಡಬೇಕು. ಈ ನಿಯಮದ ಬಗ್ಗೆ ಜಗಲಿಯಲ್ಲಿ ಗಂಡಸರು ನಾನಾ ಬಗೆಯ ಗಂಭೀರ ಸಂದೇಹ ಎತ್ತುತ್ತಿದ್ದ ಹೊತ್ತಿಗೆ, ಅಂಗನವಾಡಿಯ ಮೇಡಂ ಒಬ್ಬರು ಸುರಿವ ಮಳೆಯಲ್ಲಿ ಸ್ಕೂಟರನ್ನು ಜಾರುವ ಕೆಂಪು ಮಣ್ಣಿನ ದರೆ ಹತ್ತಿಸಿಕೊಂಡು ಆಚೆ ಹೋದರು. ಸಂದೇಹ ಮುಂದುವರಿಯಲಿಲ್ಲ.

ರ‍್ಯಾಲಿಯ ಒಂದು ನಿಯಮಕ್ಕೆ ಮಾತ್ರ ಸರ್ವಾನುಮತದ ವಿರೋಧವಿದೆ. ಮೊದಲ ದಿನ ಕಾರು ಕೆಟ್ಟು ನಿಂತವನು, ಮರಕ್ಕೆ ಗುದ್ದಿ ಹೊರಬಿದ್ದವನು, ರಾತ್ರಿ ರಿಪೇರಿ ಮಾಡಿಸಿಕೊಂಡು ಮಾರನೇ ದಿನ ಮತ್ತೆ ಓಟಕ್ಕೆ ಇಳಿಯಬಹುದು. ತಪ್ಪಿಹೋದ ಪ್ರತಿ ಸ್ಟೇಜಿಗೂ ನಿಮಿಷಗಟ್ಟಲೆ ದಂಡ ಸೇರಿಸುತ್ತಾರೆ, ಅಷ್ಟೆ. ‘ನಿನ್ನೆ ನಾವು ನೋಡ್ತಾ ಇದ್ದ ಹಾಗೇ ಹೊಂಡಕ್ಕೆ ಬಿದ್ದವ, ಇವತ್ತು ಎದ್ದು ಬಂದು ಪಾಯಿಂಟ್ ತಗೊಂಡ ಅಂದ್ರೆ ನಾವು ಎಂತಕ್ಕೆ ಬೇಜಾರು ಮಾಡ್ಕೊಂಡದ್ದು?’ ದುಃಖಪಟ್ಟದ್ದು ದಂಡವಾಯಿತಲ್ಲ ಎಂಬ ಸಂಕಟ ಇದು. ಆದರೆ ಲಕ್ಷಗಟ್ಟಲೆ ಖರ್ಚು ಮಾಡಿ ದೂರದಿಂದ ಬಂದವನು ಮೊದಲ ಸ್ಟೇಜಿನಲ್ಲೇ ಮನೆಗೆ ಹೋದರೆ ಎರಡನೇ ದಿನ ಓಡುವುದಕ್ಕೆ ಕಾರುಗಳೇ ಉಳಿಯುವುದಿಲ್ಲ. ಹದಿನೈದು ಕಾರು ನೋಡಲು ಬಂದು ಆರು ನೋಡಿ ಹೋದವನು ಮುಂದಿನ ವರ್ಷ ಬರುತ್ತಾನೆಯೇ?

ಮುಂದಿನ ವರ್ಷದ ಮಾತೇ ನಿಜವಾದ ತೊಡಕು. ಯಾರು ಗೆಲ್ಲುತ್ತಾರೆ ಎಂಬ ಭವಿಷ್ಯಕ್ಕಿಂತ, ರ‍್ಯಾಲಿ ನಮ್ಮ ಜಿಲ್ಲೆಗೆ ಬರುತ್ತದೆಯೇ ಎಂಬ ಭವಿಷ್ಯ ಹೇಳುವುದು ಕಷ್ಟ. ಮಳೆಗಾಲ ಮುಗಿಯುವವರೆಗೆ ತೋಟದ ದಾರಿಯಲ್ಲಿ ಓಡಿಸುವಂತಿಲ್ಲ. ಮಳೆ ನಿಂತಿತು ಎನ್ನುವಷ್ಟರಲ್ಲಿ ಅಡಿಕೆ ಕೊನೆ ಇಳಿಸುವ ಕಾಲ, ಅದರ ಬೆನ್ನಿಗೆ ಅರೇಬಿಕಾ ಕೊಯ್ಲು. ಆಳುಗಳು ಬುಟ್ಟಿ ಹಿಡಿದು ನಡೆಯುವ ದಾರಿಯಲ್ಲಿ ಆ ದಿನಗಳಲ್ಲಿ ಕಾರು ಬಿಡಲು ಯಾವ ಪ್ಲಾಂಟರ್ ಒಪ್ಪುತ್ತಾನೆ? ಮಾರ್ಚಿಗೆ ಹೂಮಳೆಯ ಚಿಂತೆ. ಹೀಗೆ ಪಂಚಾಂಗವಿಡೀ ಹುಡುಕಿದರೂ ಒಂದು ವಾರಾಂತ್ಯದ ಮುಹೂರ್ತ ಸಿಗುವುದು ದುರ್ಲಭ. ಪ್ರಾಯೋಜಕರು, ಪೊಲೀಸ್ ಅನುಮತಿ, ಆಂಬುಲೆನ್ಸು, ತೋಟದವರ ಒಪ್ಪಿಗೆ ಆಮೇಲಿನ ಮಾತು.

ಸರ್ಕಾರಕ್ಕೂ ಇದು ಆಟವೋ ತಮಾಷೆಯೋ ಎಂಬುದು ಬಹಳ ಕಾಲ ಸ್ಪಷ್ಟವಾಗಿರಲಿಲ್ಲ. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ಮೂರು ಸಲ ಫಾರ್ಮುಲಾ ಒನ್ ನಡೆಯಿತು. ಮೂರೂ ಸಲ ಸೆಬಾಸ್ಟಿಯನ್ ವೆಟಲ್ ಗೆದ್ದ. ರೇಸ್ ಕ್ರೀಡೆಯೋ, ಮನರಂಜನೆ ತೆರಿಗೆ ಕಟ್ಟಬೇಕಾದ ವಿನೋದವೋ ಎಂಬ ವ್ಯಾಜ್ಯ ಕೋರ್ಟಿನಲ್ಲಿ ಸುತ್ತು ಹೊಡೆಯತೊಡಗಿತು. ರೇಸು ನಿಂತು ನಾಲ್ಕು ವರ್ಷಕ್ಕೆ, 2017ರಲ್ಲಿ, ಆದಾಯ ತೆರಿಗೆಯ ಇನ್ನೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಫಾರ್ಮುಲಾ ಒನ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ವೆಟಲ್ ಒಂದೂವರೆ ಗಂಟೆಯಲ್ಲಿ ಮುಗಿಸಿದ್ದನ್ನು ಕಾಗದಪತ್ರಗಳು ವರ್ಷಗಟ್ಟಲೆ ಓಡಿ ಮುಗಿಸಿದವು. ಈ ವಿಷಯ ಬಂದಾಗಲೆಲ್ಲ ಮೇಷ್ಟ್ರು ಒಂದು ಸಲಹೆ ಕೊಡುತ್ತಾರೆ: ತಡವಾದ ಪ್ರತಿ ನಿಮಿಷಕ್ಕೆ 10 ಸೆಕೆಂಡಿನ ದಂಡವನ್ನು ಕೋರ್ಟು ಕಚೇರಿಗಳಿಗೂ ಹಾಕಿ ನೋಡಬಹುದು.

ನಗು ನಿಲ್ಲುವ ಒಂದು ನಿಯಮವೂ ಇದೆ. ನೋಡುವವರು ಎಲ್ಲಿ ನಿಲ್ಲಬೇಕು ಎಂಬುದು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ನಡೆದ ರಾಷ್ಟ್ರೀಯ ರ‍್ಯಾಲಿಯಲ್ಲಿ ಸ್ಟೇಜಿನ ದಾರಿಗೆ ಬಂದ ಬೈಕಿಗೆ ಗಿಲ್ ಓಡಿಸುತ್ತಿದ್ದ ಕಾರು ಬಡಿದು, ಬೈಕಿನಲ್ಲಿದ್ದ ಒಂದೇ ಕುಟುಂಬದ ಮೂವರು ಸತ್ತರು. ಗಿಲ್ ಕೂಡ ಗಾಯಗೊಂಡರು. ಅರ್ಜುನ ಪ್ರಶಸ್ತಿ ಬಂದು ಇನ್ನೂ ತಿಂಗಳೂ ತುಂಬಿರಲಿಲ್ಲ. ಈ ಘಟನೆಯ ಬಗ್ಗೆ ಕಮ್ಮರಡಿಯಲ್ಲಿ ಎರಡು ಪಕ್ಷ ಇಲ್ಲ.

ಆದ್ದರಿಂದ ಈ ಚಳಿಗಾಲ ರ‍್ಯಾಲಿ ನಮ್ಮ ಕಡೆ ಬಂದರೆ ಓದುಗರು ಇಷ್ಟು ಮಾಡಬೇಕು. ಮೊದಲ ಕಾರು ಬರುವುದಕ್ಕೆ ಬಹಳ ಮುಂಚೆಯೇ ಸ್ಟೇಜಿನ ದಾರಿ ಮುಚ್ಚುತ್ತಾರೆ, ಅಷ್ಟರೊಳಗೆ ಹೋಗಿ ಸೇರಿಕೊಳ್ಳಿ. ಬೇಗ ಬಂದ ಪ್ರೇಕ್ಷಕನಿಗೆ ದಂಡವಿಲ್ಲ. ತಿರುವಿನ ಹೊರಮೈಯಲ್ಲಿ ನಿಲ್ಲಬೇಡಿ, ಕಾರು ಜಾರಿದರೆ ಬರುವುದು ಅಲ್ಲಿಗೇ. ಎತ್ತರದ ದರೆಯ ಮೇಲೆ, ಮಾರ್ಷಲ್ ತೋರಿಸಿದ ಜಾಗದಲ್ಲಿ ನಿಲ್ಲಿ. ಫೋಟೊಗಾಗಿ ಟೇಪು ದಾಟಬೇಡಿ. ಕೊನೆಯ ಕಾರಿನ ಹಿಂದೆ ದಾರಿ ತೆರವು ಮಾಡುವ ಗಾಡಿ ಹೋದ ಮೇಲೆ ಮಾತ್ರ ದಾರಿಗಿಳಿಯಿರಿ. ತೋಟದ ಮನೆಯವರಾಗಿದ್ದರೆ ಅವತ್ತೊಂದು ದಿನ ದನ ಬಿಡಬೇಡಿ, ನಾಯಿಯನ್ನು ಕಟ್ಟಿಹಾಕಿ.